ಸರ್ಕಾರಿ ಜಾಲತಾಣ ಅಂಗವಿಕಲರಿಗೂ ತೆರೆಯಬೇಕಾದರೆ ಯಾರನ್ನು, ಹೇಗೆ ನೇಮಿಸಬೇಕು?

1999ರಲ್ಲಿ ಬ್ರೂಸ್ ಮಗ್ವಾಯರ್ ಎಂಬ ಆಸ್ಟ್ರೇಲಿಯಾದ ಅಂಧರೊಬ್ಬರು ಸಿಡ್ನಿ ಒಲಿಂಪಿಕ್ಸ್‌ನ ಅಧಿಕೃತ ಜಾಲತಾಣದ ಮೇಲೆ ಅಲ್ಲಿನ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ಪರದೆಯ ಮೇಲಿನ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಾಗಿ ಬೆರಳಿಗೆ ಮುಟ್ಟಿಸುವ ಸಾಧನದಿಂದ ಅವರು ಓದುತ್ತಿದ್ದರು. ತಾಣದ ಚಿತ್ರಗಳಿಗೆ, ಅವುಗಳಲ್ಲಿ ಏನಿದೆ ಎಂದು ಪದಗಳಲ್ಲಿ ಹೇಳುವ ಬದಲಿ ಪಠ್ಯವಿರಲಿಲ್ಲ, ಕ್ರೀಡೆಗಳ ಪಟ್ಟಿಗೆ ದಾರಿ ಸಿಗುತ್ತಿರಲಿಲ್ಲ, ಫಲಿತಾಂಶದ ಕೋಷ್ಟಕಗಳು ಅರ್ಥವಾಗುತ್ತಿರಲಿಲ್ಲ. ಇದನ್ನೆಲ್ಲ ಸರಿಪಡಿಸಲು ಒಬ್ಬ ವ್ಯಕ್ತಿ ವರ್ಷಕ್ಕೂ ಹೆಚ್ಚು ಕಾಲ ದುಡಿಯಬೇಕು, 22 ಲಕ್ಷ ಡಾಲರ್ ಸುರಿಯಬೇಕು ಎಂದು ಸಂಘಟನಾ ಸಮಿತಿ ವಾದಿಸಿತು. ದೂರುದಾರರ ಪರ ಸಾಕ್ಷಿ ನುಡಿದ ತಜ್ಞರು, ಕೆಲಸ ಬಲ್ಲ ಸಣ್ಣ ತಂಡಕ್ಕೆ ಇದು ಕೆಲವೇ ವಾರಗಳ ಕೆಲಸ ಎಂದರು. 2000ದ ಆಗಸ್ಟ್‌ನಲ್ಲಿ ಆಯೋಗ ಮಗ್ವಾಯರ್ ಪರ ತೀರ್ಪು ಕೊಟ್ಟಿತು. ಸಮಿತಿ ಕೊನೆಗೆ 20,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ತೆರಬೇಕಾಯಿತು.

ಒಂದೇ ಕೆಲಸಕ್ಕೆ ಒಬ್ಬರು ವರ್ಷ ಎನ್ನುತ್ತಾರೆ, ಇನ್ನೊಬ್ಬರು ವಾರಗಳು ಎನ್ನುತ್ತಾರೆ. ಈ ಅಂತರವನ್ನು ತಂತ್ರಜ್ಞಾನದಲ್ಲಿ ಹುಡುಕಿದರೆ ಸಿಗದು. ಕೆಲಸವನ್ನು ಯಾರ ಕೈಗೆ ಕೊಟ್ಟಿದ್ದರು, ಕೊಡುವಾಗ ಏನು ಕೇಳಿದ್ದರು ಎಂಬಲ್ಲಿ ಅದು ಅಡಗಿದೆ. ಸರ್ಕಾರಿ ತಾಣಗಳ ವಿಷಯದಲ್ಲಿ ಆ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಆದ್ದರಿಂದ ಈ ಲೇಖನದಲ್ಲಿ ಕೋಡ್‌ಗಿಂತ ನೇಮಕಾತಿಯ ಮಾತೇ ಹೆಚ್ಚು.

ಕೆಲಸವೆಂದರೆ ಏನು?

ಅಂಗವಿಕಲರೂ ಬಳಸಬಲ್ಲಂತೆ ತಾಣವನ್ನು ಕಟ್ಟುವ ಈ ಕೆಲಸಕ್ಕೆ ವೃತ್ತಿಯಲ್ಲಿರುವವರು ಹೇಳುವುದು ಆಕ್ಸೆಸಿಬಿಲಿಟಿ ಎಂದು. ಇದರ ಅಳತೆಗೋಲು ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ. ವೆಬ್‌ನ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದಿತು. 2008ರಲ್ಲಿ 2.0, 2018ರಲ್ಲಿ 2.1, 2023ರ ಅಕ್ಟೋಬರ್‌ನಲ್ಲಿ 2.2 ಬಂದವು. 2.2ರಲ್ಲಿ 86 ಮಾನದಂಡಗಳಿವೆ. ಅವನ್ನು ಎ, ಎಎ, ಎಎಎ ಎಂಬ ಮೂರು ಹಂತಗಳಲ್ಲಿ ಹಂಚಲಾಗಿದೆ. ಸರ್ಕಾರಗಳು ಸಾಮಾನ್ಯವಾಗಿ ಕೇಳುವುದು ಎಎ ಹಂತವನ್ನು.

ಮಾರ್ಗಸೂಚಿ ಎಂದಾಕ್ಷಣ ಗಾಳಿಮಾತು ಎಂದುಕೊಳ್ಳಬೇಡಿ. ಬಿಳಿ ಹಿನ್ನೆಲೆಯ ಮೇಲೆ 777777 ಎಂಬ ಬಣ್ಣಸಂಕೇತದ ಬೂದು ಅಕ್ಷರಗಳನ್ನು ಇಟ್ಟರೆ ಎರಡರ ನಡುವಿನ ವ್ಯತ್ಯಾಸದ ಅನುಪಾತ 4.48 ಬರುತ್ತದೆ. ಮಾಮೂಲಿ ಗಾತ್ರದ ಅಕ್ಷರಕ್ಕೆ ಎಎ ಹಂತದಲ್ಲಿ ಬೇಕಾದದ್ದು 4.5. ಅಂದರೆ ನಪಾಸು. ಒಂದೇ ಒಂದು ಮೆಟ್ಟಿಲು ಗಾಢವಾದ 767676 ಹಾಕಿದರೆ 4.54, ಪಾಸು. ವಿನ್ಯಾಸಕಾರರ ಕಣ್ಣಿಗೆ ಎರಡೂ ಒಂದೇ ಬೂದು. ಮಂದದೃಷ್ಟಿಯವರಿಗೆ ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕಿತ್ತು, ಅಲ್ಲಿ ಎಳೆದಿದ್ದಾರೆ. ಹೀಗೆ ಅಳೆದು ನೋಡಬಹುದಾದದ್ದು ಬಹಳಷ್ಟಿದೆ: ಅಕ್ಷರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿದರೂ ಏನೂ ಕಳೆದುಹೋಗಬಾರದು, ಒತ್ತುವ ಗುಂಡಿ ಕನಿಷ್ಠ 24 ಪಿಕ್ಸೆಲ್ ಚೌಕದಷ್ಟಿರಬೇಕು, ಇತ್ಯಾದಿ. ಕೆಲವಕ್ಕೆ ವಿನಾಯಿತಿಗಳೂ ಇವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಮನಾರ್ಹವಾದ ಅಂಗವೈಕಲ್ಯವಿದೆ. ಇವರೆಲ್ಲ ಅಂಧರಲ್ಲ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು, ಕಿವಿ ಕೇಳದವರು, ಉದ್ದ ವಾಕ್ಯ ಓದಿದರೆ ಎಳೆ ತಪ್ಪುವವರು, ಬಣ್ಣಗಳನ್ನು ಬೇರ್ಪಡಿಸಲಾಗದವರು ಎಲ್ಲರೂ ಇದರಲ್ಲಿದ್ದಾರೆ. ಖಾಸಗಿ ಅಂಗಡಿಯ ತಾಣ ಕೆಟ್ಟದಾಗಿದ್ದರೆ ಇನ್ನೊಂದಕ್ಕೆ ಹೋಗಬಹುದು. ಪಿಂಚಣಿ ಕೊಡುವ ತಾಣ ಒಂದೇ.

ಒಂದು ಅರ್ಜಿ ನಮೂನೆಯ ಒಳಗೆ

ಸರ್ಕಾರಿ ತಾಣದ ಜೀವ ಇರುವುದು ಅರ್ಜಿ ನಮೂನೆಯಲ್ಲಿ. ಮುಖಪುಟದ ಬ್ಯಾನರ್, ಸಚಿವರ ಭಾವಚಿತ್ರ, ಓಡುವ ಸುದ್ದಿಸಾಲು ಇವೆಲ್ಲ ಆಮೇಲಿನ ಮಾತು. ಆದ್ದರಿಂದ ಅಂಧರೊಬ್ಬರು ಪರದೆಯ ಮೇಲಿನದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಹಚ್ಚಿಕೊಂಡು, ಟ್ಯಾಬ್ ಕೀಲಿ ಒತ್ತುತ್ತಾ, ಒಂದು ಮಾಮೂಲಿ ನಮೂನೆಯೊಳಗೆ ಹೇಗೆ ಸಾಗುತ್ತಾರೆ ಎಂದು ನೋಡೋಣ.

ಮೊದಲ ಚೌಕ. ಪಕ್ಕದಲ್ಲಿ ‘ಅರ್ಜಿದಾರರ ಹೆಸರು’ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಕೋಡ್‌ನಲ್ಲಿ ಆ ಪದಗಳಿಗೂ ಚೌಕಕ್ಕೂ ಗಂಟು ಹಾಕಿಲ್ಲ. ಸ್ಕ್ರೀನ್ ರೀಡರ್ ಹೇಳುವುದು ‘ಎಡಿಟ್, ಖಾಲಿ’ ಎಂದಷ್ಟೇ. ಎರಡನೆಯದೂ ‘ಎಡಿಟ್, ಖಾಲಿ’. ಮೂರನೆಯದು ಹುಟ್ಟಿದ ದಿನಾಂಕ. ಮೌಸ್‌ನಿಂದಷ್ಟೇ ತೆರೆಯುವ ಪುಟ್ಟ ಕ್ಯಾಲೆಂಡರ್, ಕೈಯಿಂದ ಟೈಪ್ ಮಾಡಲು ಬಿಡುವುದಿಲ್ಲ. ಹೇಗೋ ಮುಂದೆ ಹೋದರೆ ಕ್ಯಾಪ್ಚಾ: ಸೊಟ್ಟ ಅಕ್ಷರಗಳ ಚಿತ್ರ, ಧ್ವನಿಯ ಆಯ್ಕೆ ಇಲ್ಲ. ಪಕ್ಕದವರನ್ನು ಕರೆದು ಅದನ್ನೂ ತುಂಬಿಸಿ ‘ಸಲ್ಲಿಸು’ ಒತ್ತಿದರೆ ಪುಟ ಸುಮ್ಮನಿರುತ್ತದೆ. ತಪ್ಪಾದ ಚೌಕದ ಅಂಚು ಕೆಂಪಾಗಿದೆ, ಅಷ್ಟೇ. ಕೆಂಪು ಬಣ್ಣ ಯಾರ ಕಿವಿಗೂ ಕೇಳಿಸುವುದಿಲ್ಲ. ಕೆಂಪು ಹಸಿರು ಬೇರ್ಪಡದವರ ಕಣ್ಣಿಗೆ ಕಾಣಿಸುವುದೂ ಅನುಮಾನ. ಅಷ್ಟರಲ್ಲಿ ಸಮಯ ಮುಗಿಯಿತೆಂದು ತಾಣ ಹೊರದಬ್ಬುತ್ತದೆ. ತುಂಬಿಸಿದ್ದೆಲ್ಲ ನೀರುಪಾಲು.

ಇದರಲ್ಲಿ ಯಾವುದೂ ಮಹಾ ತಂತ್ರಜ್ಞಾನ ಬೇಡುವ ಸಮಸ್ಯೆಯಲ್ಲ. ಲೇಬಲ್ ಅನ್ನು ಚೌಕಕ್ಕೆ ಕಟ್ಟಲು ಒಂದು ಸಾಲು ಸಾಕು. ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂದು ಟೈಪ್ ಮಾಡುವ ಮೂರು ಚೌಕಗಳು ಕ್ಯಾಲೆಂಡರಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ತೊಂಬತ್ತು ವರ್ಷ ಹಿಂದಕ್ಕೆ ಪುಟ ತಿರುವುವ ಕಷ್ಟ ಯಾರಿಗೂ ಇರುವುದಿಲ್ಲ. ತಪ್ಪನ್ನು ಪದಗಳಲ್ಲಿ ಬರೆದು, ಆಯಾ ಚೌಕಕ್ಕೆ ಜೋಡಿಸಿ, ಗಮನವನ್ನು ಅಲ್ಲಿಗೇ ಕೊಂಡೊಯ್ಯಬೇಕು. ಸಮಯದ ಮಿತಿಗೂ ನಿಯಮವಿದೆ: ಮುಗಿಯುವ ಮೊದಲು ಎಚ್ಚರಿಸಬೇಕು, ಒಂದು ಕೀಲಿ ಒತ್ತಿ ಮುಂದೂಡಲು ಕನಿಷ್ಠ 20 ಸೆಕೆಂಡು ಕೊಡಬೇಕು, ಹಾಗೆ ಹತ್ತು ಬಾರಿಯಾದರೂ ಮುಂದೂಡಲು ಬಿಡಬೇಕು. ತಲೆಗೆ ಕಟ್ಟಿದ ಕಡ್ಡಿಯಿಂದ ಒಂದೊಂದೇ ಅಕ್ಷರ ಒತ್ತುವವರನ್ನು ನೆನೆದರೆ ಆ ಹತ್ತು ಹೆಚ್ಚೆನಿಸುವುದಿಲ್ಲ.

ತಿಳಿದವರು ಇದನ್ನೆಲ್ಲ ಕಟ್ಟುವಾಗಲೇ ಮಾಡುತ್ತಾರೆ, ಹೆಚ್ಚುವರಿ ಸಮಯ ಅಷ್ಟೇನೂ ಹಿಡಿಯುವುದಿಲ್ಲ. ಕಟ್ಟಿ ಮುಗಿಸಿದ ಮೇಲೆ ಮಾಡಹೊರಟರೆ ಗಾರೆ ಬಳಿದ ಗೋಡೆಯನ್ನು ವೈರಿಂಗ್‌ಗಾಗಿ ಮತ್ತೆ ಕೊರೆದಂತೆ. ಸಿಡ್ನಿಯ 22 ಲಕ್ಷದ ಲೆಕ್ಕ ಹುಟ್ಟುವುದು ಅಂಥ ಕಡೆ.

ಟೆಂಡರಿನಲ್ಲಿ ಏನು ಬರೆಯಬೇಕು?

ಹಲವು ಕಾನೂನುಗಳು ಈ ವಿಷಯವನ್ನು ಖರೀದಿಗೇ ಕಟ್ಟಿಹಾಕಿವೆ. ಅಮೆರಿಕದ ಪುನರ್ವಸತಿ ಕಾಯ್ದೆಯ 508ನೇ ಸೆಕ್ಷನ್‌ಗೆ 1998ರಲ್ಲಿ ಹಲ್ಲು ಬಂತು. ಒಕ್ಕೂಟ ಸರ್ಕಾರದ ಇಲಾಖೆಗಳು ತಂತ್ರಜ್ಞಾನವನ್ನು ತಯಾರಿಸುವಾಗ, ಕೊಳ್ಳುವಾಗ, ನಿರ್ವಹಿಸುವಾಗ, ಬಳಸುವಾಗ ಅಂಗವಿಕಲರನ್ನು ಗಣನೆಗೆ ತೆಗೆದುಕೊಳ್ಳಲೇಬೇಕು ಎನ್ನುತ್ತದೆ ಅದು. ಯುರೋಪಿನ ಇಎನ್ 301 549 ಮಾನಕ 2014ರಲ್ಲಿ ಹುಟ್ಟಿದ್ದೇ ಸಾರ್ವಜನಿಕ ಖರೀದಿಗೆಂದು. 2016ರ ಯುರೋಪಿಯನ್ ನಿರ್ದೇಶನ ಸರ್ಕಾರಿ ತಾಣ ಮತ್ತು ಆ್ಯಪ್‌ಗಳಿಗೆ ಅದನ್ನು ಕಡ್ಡಾಯ ಮಾಡುವತ್ತ ನಡೆಯಿತು. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಇವೆ. ಕಾನೂನಿಗೆ ಬರವಿಲ್ಲ. ಬರವಿರುವುದು ಟೆಂಡರ್ ಬರೆಯುವವರ ಮೇಜಿನಲ್ಲಿ.

ಅಲ್ಲಿ ಸಾಮಾನ್ಯವಾಗಿ ಸಿಗುವ ಸಾಲು ಇದು: ‘ತಾಣವು ಅಂಗವಿಕಲಸ್ನೇಹಿಯಾಗಿರತಕ್ಕದ್ದು.’ ಈ ಸಾಲಿಗೆ ಮೂರು ಕಾಸಿನ ಬೆಲೆಯಿಲ್ಲ. ಅಕ್ಷರ ದೊಡ್ಡದು ಮಾಡುವ ‘ಎ+’ ಗುಂಡಿಯೊಂದನ್ನು ಮೂಲೆಯಲ್ಲಿ ಅಂಟಿಸಿ ಗುತ್ತಿಗೆದಾರ ಕೈ ತೊಳೆದುಕೊಳ್ಳಬಹುದು, ಯಾರೂ ಪ್ರಶ್ನಿಸಲಾಗುವುದಿಲ್ಲ. ಅದರ ಬದಲು ಯಾವ ಮಾರ್ಗಸೂಚಿ, ಯಾವ ಆವೃತ್ತಿ, ಯಾವ ಹಂತ ಎಂದು ಹೆಸರಿಸಿ ಬರೆಯಬೇಕು. ಅದು ಮುಖಪುಟಕ್ಕಷ್ಟೇ ಅನ್ವಯವೋ ಅಥವಾ ಲಾಗಿನ್, ಹಣ ಪಾವತಿ, ನಕ್ಷೆ, ವಿಡಿಯೊ, ಡೌನ್‌ಲೋಡ್ ಆಗುವ ದಾಖಲೆ ಇವಕ್ಕೂ ಅನ್ವಯವೋ ಎಂಬುದನ್ನು ಬಿಡಿಸಿ ಹೇಳಬೇಕು. ತಾಣ ಎಷ್ಟೇ ಸೊಗಸಾಗಿದ್ದರೂ ಹೊರಗಿನವರ ಪಾವತಿ ಪುಟದಲ್ಲಿ ಕೀಬೋರ್ಡ್ ಕೈಕೊಟ್ಟರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಗ ‘ಅದು ನಮ್ಮದಲ್ಲ’ ಎಂಬ ಉತ್ತರ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಹಣ. ಕೊನೆಯ ಕಂತನ್ನು ಪರೀಕ್ಷೆ ಪಾಸಾಗುವವರೆಗೆ ತಡೆಹಿಡಿಯದಿದ್ದರೆ ಮೇಲೆ ಬರೆದದ್ದೆಲ್ಲ ಅಲಂಕಾರ. ಪರೀಕ್ಷೆ ಮಾಡುವವರು ಕಟ್ಟಿದವರೇ ಆಗಿರಬಾರದು. ದೋಷ ಸಿಕ್ಕರೆ ತಿದ್ದುವ ಖರ್ಚು ಕಟ್ಟಿದವರದ್ದೇ ಎಂದಿರಬೇಕು. ದರವನ್ನೊಂದೇ ನೋಡಿ ಆರಿಸುವ ಪದ್ಧತಿಯಲ್ಲಿ ಇವ್ಯಾವುವೂ ನಡೆಯುವುದಿಲ್ಲ. ಕಡಿಮೆ ದರ ಕೂಗಿದವರು ಎಲ್ಲಿ ಉಳಿಸುತ್ತಾರೆ ಎಂದರೆ ಕಣ್ಣಿಗೆ ಕಾಣದ ಕೆಲಸದಲ್ಲಿ, ಮತ್ತು ಇದು ಪೂರ್ತಿ ಕಣ್ಣಿಗೆ ಕಾಣದ ಕೆಲಸ. ಹಾಗಾಗಿ ಮೊದಲು ಕೌಶಲಕ್ಕೆ ಅಂಕ ಕೊಟ್ಟು, ಇಷ್ಟು ಅಂಕ ಬಾರದವರ ದರದ ಲಕೋಟೆಯನ್ನೇ ತೆರೆಯದಿರುವುದು ಒಳ್ಳೆಯದು.

ಬಲ್ಲವರನ್ನು ಗುರುತಿಸುವುದು

ಸಂದರ್ಶನಕ್ಕೆ ಕೂತ ಅಧಿಕಾರಿಗೆ ಕೋಡ್ ಬಾರದಿದ್ದರೂ ಒಂದು ಪರೀಕ್ಷೆ ಮಾಡಬಹುದು. ಅಭ್ಯರ್ಥಿ ಅಥವಾ ಕಂಪನಿ ಹಿಂದೆ ಕಟ್ಟಿದ ತಾಣವೊಂದನ್ನು ತೆರೆಯಿರಿ, ಮೌಸ್ ತೆಗೆದಿಡಿ, ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ. ನೀವು ಎಲ್ಲಿದ್ದೀರಿ ಎಂದು ಪರದೆಯ ಮೇಲೆ ಗುರುತು ಕಾಣುತ್ತದೆಯೇ? ಮೆನು ತೆರೆಯುತ್ತದೆಯೇ? ತೆರೆದ ಕಿಟಕಿ ಎಸ್ಕೇಪ್ ಕೀಲಿಗೆ ಮುಚ್ಚುತ್ತದೆಯೇ? ಐದು ನಿಮಿಷ ಸಾಕು. ಕೈಹೊತ್ತಗೆಯಲ್ಲಿ ಹತ್ತು ಪ್ರಮಾಣಪತ್ರ ಅಂಟಿಸಿದವರ ತಾಣವೇ ಇಲ್ಲಿ ಮುಗ್ಗರಿಸುವುದುಂಟು.

ಮುಂದಿನದು ಕೈಕೆಲಸ. ಬೇಕೆಂದೇ ಕೆಡಿಸಿದ ಒಂದು ಪುಟ ಕೊಟ್ಟು, ಸ್ಕ್ರೀನ್ ರೀಡರ್ ಹಾಕಿಕೊಂಡು ದೋಷ ಹುಡುಕಿ ಎನ್ನಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ. ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ ಅದನ್ನು ಬಳಿಕ ಜೇಮ್ಸ್ ಟೆ ಜೊತೆಗೂಡಿ ಬೆಳೆಸಿದರು, ಇಬ್ಬರೂ ಅಂಧರು. ಐಫೋನ್‌ನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಮೊದಲೇ ಇರುತ್ತವೆ. ಈ ಕೆಲಸ ಬಲ್ಲೆ ಎನ್ನುವವರು ಇವನ್ನು ಸಲೀಸಾಗಿ ನಡೆಸಬೇಕು, ಮೊದಲ ಬಾರಿ ಸ್ಟೀರಿಂಗ್ ಹಿಡಿದವರಂತೆ ತಡವರಿಸಬಾರದು. ಎಷ್ಟು ದೋಷ ಹಿಡಿದರು ಎಂಬುದಕ್ಕಿಂತ ಯಾವುದನ್ನು ಮೊದಲು ತಿದ್ದುತ್ತೀರಿ ಎಂದು ಕೇಳಿ. ಅಡಿಟಿಪ್ಪಣಿಯ ಬಣ್ಣದಿಂದ ಶುರು ಮಾಡುವವರಿಗೂ ‘ಸಲ್ಲಿಸು’ ಗುಂಡಿಗೆ ಕೀಬೋರ್ಡ್ ತಲುಪುತ್ತಿಲ್ಲ ಎಂದು ಮೊದಲು ಹೇಳುವವರಿಗೂ ಅಜಗಜಾಂತರ.

ನನಗೆ ತುಂಬ ಇಷ್ಟವಾದ ಪ್ರಶ್ನೆ ಚಿತ್ರದ್ದು. ಮೂರು ಚಿತ್ರ ತೋರಿಸಿ: ಇಲಾಖೆಯ ಲಾಂಛನ, ಅಂದಕ್ಕೆ ಹಾಕಿದ ಬಳ್ಳಿಯ ಅಂಚು, ಬಜೆಟ್ ಹಂಚಿಕೆಯ ನಕ್ಷೆ. ಪ್ರತಿಯೊಂದಕ್ಕೂ ಬದಲಿ ಪಠ್ಯ ಬರೆಯಲು ಹೇಳಿ. ಲಾಂಛನ ಮುಖಪುಟಕ್ಕೆ ಕೊಂಡಿಯಾಗಿದ್ದರೆ ಅದು ಎಲ್ಲಿಗೆ ಒಯ್ಯುತ್ತದೆ ಎಂದು ಬರೆಯಬೇಕು. ಬಳ್ಳಿಗೆ ಬದಲಿ ಪಠ್ಯವನ್ನು ಖಾಲಿ ಬಿಡುವುದೇ ಸರಿ; ಇಲ್ಲವಾದರೆ ಪ್ರತಿ ಪುಟದಲ್ಲೂ ‘ಅಲಂಕಾರಿಕ ಬಳ್ಳಿ’ ಎಂದು ಕೇಳಿ ಕಿವಿ ಸೋಲುತ್ತದೆ. ಬಜೆಟ್ ನಕ್ಷೆಗೆ ಒಂದು ಸಾಲು ಸಾಲದು, ಕೆಳಗೆ ಅಂಕಿಗಳ ಕೋಷ್ಟಕವೇ ಬೇಕು. ಮೂರಕ್ಕೂ ‘ಚಿತ್ರ’ ಎಂದು ಬರೆದವರಿಗೆ ನಮಸ್ಕಾರ ಹೇಳಿ ಕಳುಹಿಸಬಹುದು.

ಒಬ್ಬರೇ ಎಲ್ಲವನ್ನೂ ಮಾಡುತ್ತಾರೆಂಬ ನಿರೀಕ್ಷೆಯೂ ಬೇಡ. ಬಣ್ಣ, ಅಕ್ಷರಗಾತ್ರ, ಪುಟದ ಕ್ರಮ ವಿನ್ಯಾಸಕಾರರ ಪಾಲು. ಲೇಬಲ್, ಕೀಬೋರ್ಡ್ ಕೋಡ್ ಬರೆಯುವವರ ಪಾಲು. ಅರ್ಥವಾಗುವ ವಾಕ್ಯ ಬರೆಯುವುದು ಇನ್ನೊಬ್ಬರದ್ದು. ಸಣ್ಣ ಕಚೇರಿಗೆ ಇಷ್ಟು ಜನರನ್ನು ಇಟ್ಟುಕೊಳ್ಳಲಾಗುವುದಿಲ್ಲ, ಸರಿ. ಆದರೆ ಹೊರಗಿನವರು ಒಪ್ಪಿಸಿದ್ದನ್ನು ಪರೀಕ್ಷಿಸಿ ‘ಇದು ಸಾಲದು’ ಎನ್ನಬಲ್ಲ ಒಬ್ಬರಾದರೂ ಒಳಗೆ ಇರಬೇಕು. ಅವರಿಲ್ಲದ ಕಚೇರಿ ಏನು ಕೊಟ್ಟರೂ ಸಹಿ ಹಾಕುತ್ತದೆ.

ಸುಲಭದ ದಾರಿಗಳು

ಒಂದು ಸಾಲಿನ ಕೋಡ್ ಅಂಟಿಸಿದರೆ ಸಾಕು, ತಾಣ ತಾನಾಗಿಯೇ ಎಲ್ಲರಿಗೂ ತೆರೆಯುತ್ತದೆ ಎಂದು ಓವರ್‌ಲೇ ಎಂಬ ಸರಕನ್ನು ಮಾರುವವರಿದ್ದಾರೆ. ಗಾಲಿಕುರ್ಚಿಯ ಚಿಹ್ನೆಯೊಂದು ಮೂಲೆಯಲ್ಲಿ ಕೂರುತ್ತದೆ, ಒತ್ತಿದರೆ ಬಣ್ಣ ಬದಲಾಗುತ್ತದೆ, ಅಕ್ಷರ ಹಿಗ್ಗುತ್ತದೆ. ಅಂಥ ಸೌಲಭ್ಯ ಬೇಕಾದವರ ಕಂಪ್ಯೂಟರಿನಲ್ಲಿ ಅದು ಮೊದಲೇ ಇರುತ್ತದೆ. ಮುರಿದ ನಮೂನೆ ಮುರಿದೇ ಇರುತ್ತದೆ, ಕೆಲವೊಮ್ಮೆ ಓವರ್‌ಲೇಯೇ ಸ್ಕ್ರೀನ್ ರೀಡರಿಗೆ ಅಡ್ಡಗಾಲು ಹಾಕುತ್ತದೆ. ಇಂಥದ್ದನ್ನು ಮಾರುವ ಕಂಪನಿಯೊಂದು ತನ್ನ ಸರಕು ಯಾವ ತಾಣವನ್ನಾದರೂ ಮಾರ್ಗಸೂಚಿಗೆ ಒಗ್ಗಿಸುತ್ತದೆ ಎಂದು ಹೇಳಿಕೊಂಡದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು.

ತಪ್ಪು ಹುಡುಕುವ ತಂತ್ರಾಂಶಗಳ ವಿಷಯ ಬೇರೆ. ಅವು ಉಪಯುಕ್ತ, ಆದರೆ ಕುರುಡು ನಂಬಿಕೆಗೆ ಲಾಯಕ್ಕಲ್ಲ. ಬ್ರಿಟನ್ನಿನ ಸರ್ಕಾರಿ ಡಿಜಿಟಲ್ ಸೇವೆಯವರು 2017ರಲ್ಲಿ ಬೇಕೆಂದೇ ನೂರಕ್ಕೂ ಹೆಚ್ಚು ತೊಡಕುಗಳನ್ನು ತುರುಕಿ ಒಂದು ಪುಟ ಕಟ್ಟಿ, ಬಗೆಬಗೆಯ ತಂತ್ರಾಂಶಗಳನ್ನು ಅದರ ಮೇಲೆ ಓಡಿಸಿದರು. ಅವುಗಳಲ್ಲಿ ಅತ್ಯುತ್ತಮವಾದದ್ದೂ ಅರ್ಧದಷ್ಟನ್ನು ಹಿಡಿಯಲಿಲ್ಲ. ಕಾರಣ ಸರಳ. ಚಿತ್ರಕ್ಕೆ ಬದಲಿ ಪಠ್ಯ ಇದೆಯೇ ಎಂದು ಯಂತ್ರ ನೋಡಬಲ್ಲದು. ಆ ಪಠ್ಯ ‘ಐಎಂಜಿ 0042’ ಎಂದಿದ್ದರೂ ಅದಕ್ಕೆ ತೃಪ್ತಿ. ನೂರಕ್ಕೆ ನೂರು ಅಂಕದ ವರದಿ ಲಗತ್ತಿಸಿ ಬಿಲ್ ಕಳಿಸಿದರೆ ಹಣ ಬಿಡುಗಡೆ ಮಾಡಬೇಡಿ. ಹಾಗೆಂದು ಯಂತ್ರ ಹಿಡಿಯುವಷ್ಟನ್ನೂ ತಿದ್ದದವರೇ ಹೆಚ್ಚು: ವೆಬ್‌ಏಮ್ ಸಂಸ್ಥೆ 2024ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಜಾಲಾಡಿದಾಗ 95.9 ಪ್ರತಿಶತ ಪುಟಗಳಲ್ಲಿ ಯಂತ್ರಕ್ಕೇ ಸಿಗುವ ದೋಷಗಳಿದ್ದವು.

ಉಳಿದ ಅರ್ಧವನ್ನು ಹಿಡಿಯುವವರು ಅಂಗವಿಕಲ ಬಳಕೆದಾರರು. ಅವರನ್ನು ಕರೆಯುವಾಗ ಚಹಾ ಕೊಟ್ಟು ಧನ್ಯವಾದ ಹೇಳಿ ಕಳಿಸುವ ರೂಢಿ ಸರಿಯಲ್ಲ. ಅದು ಪರಿಣತಿ, ಅದಕ್ಕೆ ಸಂಭಾವನೆ ಬೇಕು, ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಬೇಕು. ಒಬ್ಬ ಅಂಧರನ್ನು ಕೂರಿಸಿ ಎಲ್ಲ ಮುಗಿಯಿತು ಎನ್ನುವಂತೆಯೂ ಇಲ್ಲ. ಸನ್ನೆಭಾಷೆಯೇ ಮೊದಲ ಭಾಷೆಯಾದವರಿಗೆ ಸ್ಕ್ರೀನ್ ರೀಡರ್ ಕೆಲಸಕ್ಕೆ ಬರದು, ಅವರಿಗೆ ಬೇಕಾದದ್ದು ಸರಳ ವಾಕ್ಯ ಮತ್ತು ವಿಡಿಯೊದ ಮಾತನ್ನು ಬರಹದಲ್ಲಿ ತೋರಿಸುವ ಅಡಿಸಾಲು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರೀಕ್ಷಕರಷ್ಟೇ ಏಕೆ, ಕಟ್ಟುವ ತಂಡದಲ್ಲೇ ಅವರು ಇರಬಾರದೇಕೆ? ಹಾಗಾಗಬೇಕಾದರೆ ನೇಮಕಾತಿಯ ಅರ್ಜಿಪುಟ ಮೊದಲು ಅವರಿಗೆ ತೆರೆಯಬೇಕು.

ಇದು ವ್ಯಂಗ್ಯಕ್ಕೆ ಹೇಳಿದ ಮಾತಲ್ಲ. ಕೆನಡಾದ ಡೋನಾ ಜೋಧನ್ ಎಂಬ ಅಂಧ ಮಹಿಳೆಗೆ ಅಲ್ಲಿನ ಸರ್ಕಾರದ ತಾಣದಲ್ಲಿ ನೌಕರಿಗೆ ಅರ್ಜಿ ಹಾಕಲಾಗಲಿಲ್ಲ. ಅವರು ಸರ್ಕಾರವನ್ನೇ ನ್ಯಾಯಾಲಯಕ್ಕೆ ಎಳೆದರು. 2010ರಲ್ಲಿ ಫೆಡರಲ್ ನ್ಯಾಯಾಲಯ ಇದು ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದು ಹೇಳಿ, ಸರಿಪಡಿಸಲು 15 ತಿಂಗಳ ಗಡುವು ಕೊಟ್ಟಿತು. 2012ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಉಲ್ಲಂಘನೆಯಾಗಿದೆ ಎಂಬುದನ್ನು ಎತ್ತಿಹಿಡಿಯಿತು. ಆ ಸರ್ಕಾರದ ಬಳಿ ನಿಯಮಾವಳಿ ಇರಲಿಲ್ಲವೆಂದಲ್ಲ, ಇತ್ತು. ಇಲಾಖೆಗಳು ಪಾಲಿಸುತ್ತಿರಲಿಲ್ಲ, ಪಾಲಿಸುವಂತೆ ನೋಡಿಕೊಳ್ಳುವವರಿರಲಿಲ್ಲ.

ಗುತ್ತಿಗೆದಾರ ಹೋದ ಮೇಲೆ

ತಾಣ ಪಾಸಾಯಿತು, ಕೊನೆಯ ಕಂತು ಸಂದಾಯವಾಯಿತು. ಮರುದಿನವೇ ಕಚೇರಿಯಿಂದ ಒಂದು ಸುತ್ತೋಲೆ ಏರುತ್ತದೆ: ಮುದ್ರಿಸಿ, ಸಹಿ ಮಾಡಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿದ ಪಿಡಿಎಫ್. ಕಣ್ಣಿಗೆ ಅದು ಅಕ್ಷರ, ಸ್ಕ್ರೀನ್ ರೀಡರಿಗೆ ಬರೀ ಚಿತ್ರ. ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇನ್ನೂ ತಮಾಷೆ: ಪರದೆಯ ಮೇಲೆ ಚೊಕ್ಕ ಲಿಪಿ, ಕಿವಿಗೆ ರೋಮನ್ ಅಕ್ಷರಗಳ ಚಿಂದಿ. ಇದನ್ನು ಯಾವ ವೆಬ್ ಡಿಸೈನರೂ ತಡೆಯಲಾರರು. ಪ್ರತಿದಿನ ತಾಣಕ್ಕೆ ಏರಿಸುವ ಗುಮಾಸ್ತರಿಗೆ ಕಲಿಸಬೇಕು: ಶೀರ್ಷಿಕೆಗೆ ದಪ್ಪ ಅಕ್ಷರ ಸಾಲದು, ಹೆಡಿಂಗ್ ಶೈಲಿ ಬಳಸಬೇಕು, ಮುದ್ರಿಸಿ ಸ್ಕ್ಯಾನ್ ಮಾಡುವ ಬದಲು ನೇರವಾಗಿ ಪಿಡಿಎಫ್ ಆಗಿ ಉಳಿಸಬೇಕು, ಆಗುವುದಾದರೆ ಪಿಡಿಎಫ್ ಬಿಟ್ಟು ಪುಟದಲ್ಲೇ ಬರೆಯಬೇಕು. ಈ ತರಬೇತಿಯನ್ನು ಗುತ್ತಿಗೆಯೊಳಗೇ ಸೇರಿಸಿ, ಸಿಬ್ಬಂದಿ ಬದಲಾದಾಗ ಮತ್ತೆ ಕೊಡುವಂತೆ ಷರತ್ತು ಹಾಕುವುದು ಜಾಣತನ.

ಯುರೋಪಿನ ನಿರ್ದೇಶನ ಇನ್ನೊಂದನ್ನು ಕೇಳುತ್ತದೆ: ಪ್ರತಿ ಸರ್ಕಾರಿ ತಾಣವೂ ತನ್ನಲ್ಲಿ ಏನೇನು ಇನ್ನೂ ಸರಿಯಿಲ್ಲ ಎಂದು ತಾನೇ ಬರೆದುಕೊಂಡ ಒಂದು ಹೇಳಿಕೆಯನ್ನು ಪ್ರಕಟಿಸಬೇಕು, ತೊಂದರೆಯಾದವರು ತಿಳಿಸಲು ದಾರಿ ಕೊಡಬೇಕು, ಉತ್ತರ ಸಿಗದಿದ್ದರೆ ಮೇಲೆ ಎಲ್ಲಿಗೆ ಹೋಗಬೇಕೆಂದೂ ಹೇಳಬೇಕು. ಇದನ್ನು ಯಾವ ದೇಶದ ಕಚೇರಿಯಾದರೂ ನಾಳೆಯೇ ಮಾಡಬಹುದು. ಆ ಇಮೇಲ್ ವಿಳಾಸಕ್ಕೆ ಬರುವ ಪತ್ರವನ್ನು ಓದುವವರು ಯಾರು, ಎಷ್ಟು ದಿನದಲ್ಲಿ ಉತ್ತರಿಸಬೇಕು, ದೋಷ ತಿದ್ದಲು ನಿರ್ವಹಣಾ ಗುತ್ತಿಗೆಯಲ್ಲಿ ಎಷ್ಟು ಗಂಟೆ ಕಾದಿರಿಸಿದೆ ಎಂಬ ಮೂರು ಖಾಲಿ ಜಾಗಗಳನ್ನು ಟೆಂಡರ್ ಕರೆಯುವ ಮೊದಲೇ ತುಂಬಿಡಬೇಕು. ಆಮೇಲೆ ತುಂಬಲು ಹೊರಟರೆ ಅದಕ್ಕೆ ಬೇರೆ ಟೆಂಡರ್, ಬೇರೆ ಮಂಜೂರಾತಿ, ಬೇರೆ ಆರ್ಥಿಕ ವರ್ಷ.